ರಜೆಯಲ್ಲಿ ನೀರು ಹಾಕುವವರು ಯಾರು?

ಮಕ್ಕಳೇ, ಜೂನ್ ತಿಂಗಳಲ್ಲಿ ಶಾಲೆ ತೆರೆದ ಕೂಡಲೇ ನೀವು ಮಾಡುವ ಕೆಲಸಗಳಲ್ಲಿ ಗಿಡ ನೆಡುವುದೂ ಒಂದು. ಪರಿಸರ ದಿನಾಚರಣೆ ಬರುತ್ತದೆ, ಅದರ ಹಿಂದೆಯೇ ವನಮಹೋತ್ಸವ ಬರುತ್ತದೆ. ಅಜ್ಜಿಯ ಹಿತ್ತಲಿನಿಂದ ಒಂದು ಗಡ್ಡೆ, ಪಕ್ಕದ ಮನೆಯಿಂದ ಒಂದು ದಾಸವಾಳದ ಕೊಂಬೆ, ನರ್ಸರಿಯಿಂದ ಒಂದು ಗುಲಾಬಿ, ಹೀಗೆ ಏನೇನೋ ತಂದು ನೆಡುತ್ತೀರಿ. ಮಾರ್ಚ್‌ವರೆಗೆ ಸರದಿಯ ಪ್ರಕಾರ ನೀರು ಹಾಕುತ್ತೀರಿ. ಏಪ್ರಿಲ್ ಎರಡನೆಯ ವಾರ ಬೇಸಗೆ ರಜೆ ಶುರು. ಮೇ ಕೊನೆಯಲ್ಲಿ ಬಂದು ನೋಡಿದರೆ ಎಷ್ಟೋ ಶಾಲೆಗಳ ಕೈತೋಟದಲ್ಲಿ ಉಳಿದಿರುವುದು ಗಿಡಕ್ಕೆ ಆಧಾರವಾಗಿ ಕಟ್ಟಿದ್ದ ಕೋಲು ಮಾತ್ರ!

ಒಂದು ಚಿಕ್ಕ ಲೆಕ್ಕ ಮಾಡೋಣ. ನಿಮ್ಮ ತೋಟದಲ್ಲಿ 20 ಗಿಡಗಳಿವೆ. ಒಂದೊಂದಕ್ಕೂ ದಿನಕ್ಕೆ 2 ಲೀಟರ್ ನೀರು ಬೇಕು. ರಜೆ 48 ದಿನ. ಒಟ್ಟು 1,920 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ ಹೊತ್ತರೆ 128 ಬಕೆಟ್. ಇಷ್ಟನ್ನು ಹೊರುವವರು ಯಾರು? ಮೇ ತಿಂಗಳಲ್ಲಿ ಶಾಲೆಯ ಬಾವಿಯಲ್ಲಿ ಅಷ್ಟು ನೀರಾದರೂ ಇರುತ್ತದೆಯೇ?

ಹಾಗೆಂದು ಕೈತೋಟವೇ ಬೇಡ ಎನ್ನಬೇಕಾಗಿಲ್ಲ. ನಾವು ಇಲ್ಲದಾಗಲೂ ಬದುಕಿಕೊಳ್ಳುವ ಗಿಡಗಳನ್ನು ಆರಿಸಿದರೆ ಸಾಕು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕರಾವಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಆಯ್ಕೆ ಹೇಗೆಂದು ನೋಡೋಣ. ಬಯಲುಸೀಮೆಯ ಮಕ್ಕಳು ತಮ್ಮ ಊರಿನ ಸ್ಥಿತಿಯನ್ನು ಇದರೊಡನೆ ಹೋಲಿಸಿಕೊಳ್ಳುತ್ತಾ ಓದಬಹುದು.

ಎರಡು ಪರೀಕ್ಷೆಗಳು

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಅಂದರೆ ನಿಮ್ಮ ಎರಡು ಮೇಜು ಹಿಡಿಸುವಷ್ಟು ಜಾಗದ ಮೇಲೆ ವರ್ಷಕ್ಕೆ 3,500 ಲೀಟರಿಗೂ ಹೆಚ್ಚು ನೀರು! ಚಿತ್ರದುರ್ಗದ ಬಯಲಿನಲ್ಲಿ ಇದು 600 ಲೀಟರಿನ ಆಸುಪಾಸು.

ಇಷ್ಟೊಂದು ಮಳೆ ಬೀಳುವ ಊರಿನಲ್ಲಿ ಗಿಡ ಒಣಗುವುದೇಕೆ? ಮಳೆಯ ಪ್ರಮಾಣ ನೋಡಿದರೆ ಸಾಲದು, ಅದು ಬರುವ ಕಾಲವನ್ನೂ ನೋಡಬೇಕು. ನೂರರಲ್ಲಿ ಎಂಬತ್ತು ಪಾಲಿಗಿಂತ ಹೆಚ್ಚು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಡಿಸೆಂಬರ್‌ನಿಂದ ಮೇ ನಡುವಿನವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಗಾಳಿಯಲ್ಲಿ ಮಾತ್ರ ತೇವ ಇದ್ದೇ ಇರುತ್ತದೆ. ಬೇಸಗೆಯಲ್ಲಿ ನಿಮ್ಮ ಬೆವರು ಆರದೆ ಅಂಗಿ ಮೈಗೆ ಅಂಟುತ್ತದಲ್ಲ, ಅದಕ್ಕೆ ಈ ಆರ್ದ್ರತೆಯೇ ಕಾರಣ. ಆದರೆ ಗಾಳಿಯ ಈ ತೇವ ನಮ್ಮ ಗಿಡಗಳ ದಾಹ ತೀರಿಸಲಾರದು. ಅವುಗಳ ಬೇರಿಗೆ ಬೇಕಾದುದು ಮಣ್ಣಿನಲ್ಲಿರುವ ನೀರು.

ಮಣ್ಣಿನ ಕಥೆಯನ್ನೂ ಕೇಳಿ. ಕರಾವಳಿಯ ಗುಡ್ಡಗಳಲ್ಲಿ ಇರುವುದು ಜಂಬಿಟ್ಟಿಗೆ ಮಣ್ಣು. ಅದರ ಕಲ್ಲನ್ನು ಕೆಲವು ಕಡೆ ಮುರಕಲ್ಲು ಎಂದೂ ಉತ್ತರ ಕನ್ನಡದ ಕಡೆ ಚೀರೆಕಲ್ಲು ಎಂದೂ ಕರೆಯುತ್ತಾರೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸುತ್ತಾಡಿದ. ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ತೆಗೆಯುವುದನ್ನೂ ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುವುದನ್ನೂ ಕಂಡ. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯ ‘ಲೇಟರ್’ ಎಂಬ ಶಬ್ದಕ್ಕೆ ಇಟ್ಟಿಗೆ ಎಂದೇ ಅರ್ಥ. ನಮ್ಮ ಜಂಬಿಟ್ಟಿಗೆಯ ಒಳಗೂ ಒಂದು ಇಟ್ಟಿಗೆ ಇದೆ, ಗಮನಿಸಿದಿರಾ?

ಈ ಮಣ್ಣಿನಲ್ಲಿ ರಂಧ್ರಗಳು ಹೆಚ್ಚು. ಬಿದ್ದ ನೀರು ಬೇಗ ಇಳಿದುಹೋಗುತ್ತದೆ. ಹೋಗುವಾಗ ಸುಣ್ಣ ಮತ್ತು ಇತರ ಪೋಷಕಾಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು. ಮಣ್ಣಿನ ಕೆಂಪು ಬಣ್ಣ ಕಬ್ಬಿಣದ್ದೇ. ಸುಣ್ಣ ಕಳೆದುಕೊಂಡ ಈ ಮಣ್ಣು ಆಮ್ಲೀಯವಾಗಿರುತ್ತದೆ.

ಈಗ ನಮ್ಮ ಗಿಡ ಎದುರಿಸಬೇಕಾದ ಪರೀಕ್ಷೆಗಳು ಸ್ಪಷ್ಟವಾದವು. ಮಳೆಗಾಲದಲ್ಲಿ ಕೊಳೆಯಬಾರದು, ಬೇಸಗೆಯಲ್ಲಿ ಒಣಗಬಾರದು. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲುವ ಗಿಡಗಳು ಬಹಳ.

ಗುಲಾಬಿ ಏಕೆ ಸೋಲುತ್ತದೆ?

ಬೆಂಗಳೂರಿನ ಒಣಹವೆಯಲ್ಲಿ ಚೆನ್ನಾಗಿ ಅರಳುತ್ತಿದ್ದ ಗುಲಾಬಿ ಕರಾವಳಿಗೆ ಬಂದ ಮೊದಲ ಮಳೆಗಾಲದಲ್ಲೇ ಸೊರಗುತ್ತದೆ. ಎಲೆಯ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ, ಎಲೆ ಹಳದಿಯಾಗಿ ಉದುರುತ್ತದೆ. ಇದೊಂದು ಶಿಲೀಂಧ್ರ ರೋಗ. ಶಿಲೀಂಧ್ರದ ಬೀಜಾಣುಗಳು ಮಳೆಹನಿಯ ಜೊತೆ ಸಿಡಿದು ಎಲೆಯ ಮೇಲೆ ಕೂರುತ್ತವೆ. ಅವು ಮೊಳೆಯಬೇಕಾದರೆ ಎಲೆ ಹಲವು ಗಂಟೆಗಳ ಕಾಲ ಒದ್ದೆಯಾಗಿಯೇ ಇರಬೇಕು. ಜುಲೈ ತಿಂಗಳಲ್ಲಿ ಕರಾವಳಿಯ ಎಲೆ ದಿನಗಟ್ಟಲೆ ಒದ್ದೆ! ಔಷಧ ಸಿಂಪಡಿಸಿದರೂ ಮರುಮಳೆಗೆ ತೊಳೆದುಹೋಗುತ್ತದೆ. ಗುಲಾಬಿ ನೆಡಲೇಬಾರದೆಂದಲ್ಲ. ಮಳೆ ಬೀಳದ ಜಗಲಿಯ ಅಂಚಿನಲ್ಲಿ, ಬೆಳಕು ಬೀಳುವ ಕಡೆ ಕುಂಡದಲ್ಲಿ ಇಟ್ಟು ದಿನವೂ ನೋಡಿಕೊಳ್ಳುವವರಿದ್ದರೆ ಬೆಳೆಸಿ. ಶಾಲೆಗೆ ಅದು ತಕ್ಕ ಗಿಡವಲ್ಲ.

ಮಳೆಗಾಲದ ಇನ್ನೊಂದು ತೊಂದರೆ ನೆಲದ ಒಳಗಿನದು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಿನ ಗಾಳಿ ಅವಕ್ಕೆ ಬೇಕು. ಜಾಗ ತಗ್ಗಾಗಿದ್ದು ನೀರು ನಿಂತರೆ ಆ ಗಾಳಿ ಹೊರಗೆ ಹೋಗುತ್ತದೆ, ಬೇರು ಕೊಳೆಯುತ್ತದೆ. ನಿತ್ಯಪುಷ್ಪವನ್ನೇ ನೋಡಿ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗಿಡ ಬಿಸಿಲಿಗೆ ಜಗ್ಗುವುದಿಲ್ಲ, ಗೋಡೆಯ ಬಿರುಕಿನಲ್ಲೂ ಬೆಳೆಯುತ್ತದೆ. ಆದರೆ ನೀರು ನಿಂತ ಕಡೆ ಕೊಳೆತುಹೋಗುತ್ತದೆ. ಇದಕ್ಕೆ ಒಂದಡಿ ಎತ್ತರದ ಏರುಮಡಿ ಮಾಡಿಕೊಡಿ. ಇದರ ಎಲೆ ಕಹಿಯಾದ್ದರಿಂದ ದನಗಳು ಮುಟ್ಟುವುದಿಲ್ಲ; ನೀವೂ ಜಗಿಯಬೇಡಿ, ಅದರಲ್ಲಿ ವಿಷವಿದೆ. ಅದೇ ಎಲೆಯಲ್ಲಿರುವ ವಸ್ತುಗಳಿಂದ ರಕ್ತದ ಕ್ಯಾನ್ಸರಿಗೆ ಕೊಡುವ ಔಷಧವನ್ನೂ ತಯಾರಿಸುತ್ತಾರೆ.

ನಿಮ್ಮ ಜಾಗದಲ್ಲಿ ನೀರು ಇಂಗುತ್ತದೆಯೋ ನಿಲ್ಲುತ್ತದೆಯೋ ತಿಳಿಯುವುದು ಸುಲಭ. ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಗಡಿಯಾರ ನೋಡಿ. ಎರಡನೆಯ ಸಲದ ನೀರು ಮೂರು ನಾಲ್ಕು ಗಂಟೆಯೊಳಗೆ ಇಂಗಿದರೆ ಜಾಗ ಒಳ್ಳೆಯದು. ಮರುದಿನವೂ ನಿಂತಿದ್ದರೆ ಅಲ್ಲಿ ಕೆಸುವನ್ನೋ ತಿಮರೆಯನ್ನೋ ನೆಡಿ. (ತಿಮರೆ ಎಂದರೆ ಒಂದೆಲಗ. ಶಾಲೆಯ ಕೈತೊಳೆಯುವ ನಲ್ಲಿಯ ಬಳಿ ಒಂದು ಬಳ್ಳಿ ಊರಿದರೆ ಸಾಕು, ಅದೇ ಹಬ್ಬುತ್ತದೆ. ಬಿಸಿಯೂಟಕ್ಕೆ ಚಟ್ನಿಯೂ ಆಯಿತು.)

ಬೇಸಗೆಯನ್ನು ದಾಟುವ ಉಪಾಯಗಳು

ಬೇಸಗೆಯಲ್ಲಿ ಗಿಡದ ನೀರು ಎಲ್ಲಿ ಹೋಗುತ್ತದೆ? ಎಲೆಗಳಲ್ಲಿ ಪತ್ರರಂಧ್ರಗಳೆಂಬ ಅತಿ ಸಣ್ಣ ಬಾಗಿಲುಗಳಿವೆ. ಅವುಗಳ ಮೂಲಕ ನೀರು ಆವಿಯಾಗಿ ಹೊರಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಬೇರು ಕುಡಿದ ನೀರಿಗಿಂತ ಎಲೆ ಕಳೆದುಕೊಂಡ ನೀರು ಹೆಚ್ಚಾದರೆ ಗಿಡ ಬಾಡುತ್ತದೆ. ನಮ್ಮ ಊರಿನ ಗಿಡಗಳು ಇದಕ್ಕೆ ಬೇರೆ ಬೇರೆ ಉಪಾಯಗಳನ್ನು ಕಂಡುಕೊಂಡಿವೆ.

ಗೌರಿ ಹೂವಿನ ಉಪಾಯ ಬಹಳ ಸರಳ. ಅದು ಬೇಸಗೆಯಲ್ಲಿ ಇರುವುದೇ ಇಲ್ಲ! ಮಳೆಗೆ ಮೊಳೆತು, ಚೌತಿಯ ಹೊತ್ತಿಗೆ ಹೂ ಬಿಟ್ಟು, ಕಾಯಿ ಸಿಡಿಸಿ ಬೀಜ ಚೆಲ್ಲಿ ಸಾಯುತ್ತದೆ. ಬೇಸಗೆಯನ್ನು ಕಳೆಯುವುದು ಮಣ್ಣಿನಲ್ಲಿ ಬಿದ್ದ ಬೀಜ. ಒಮ್ಮೆ ಬಿತ್ತಿದ ಜಾಗವನ್ನು ತೀರಾ ಅಗೆದು ಹಾಕದಿದ್ದರೆ ಮರುವರ್ಷ ತಾನೇ ಬರುತ್ತದೆ.

ಕೆಸು, ಅರಿಶಿನ, ಸುವರ್ಣಗಡ್ಡೆಗಳದ್ದು ನಿದ್ದೆಯ ಉಪಾಯ. ಮಣ್ಣು ಒಣಗುತ್ತಾ ಬಂದಂತೆ ಎಲೆಗಳನ್ನು ಬಿಟ್ಟುಕೊಡುತ್ತವೆ. ಎಲೆಯೇ ಇಲ್ಲದ ಮೇಲೆ ಬಾಷ್ಪವಿಸರ್ಜನೆ ಎಲ್ಲಿಂದ? ಆಹಾರವೆಲ್ಲ ನೆಲದೊಳಗಿನ ಗಡ್ಡೆಯಲ್ಲಿ ಜೋಪಾನ. ಮೊದಲ ಮಳೆಗೆ ಮತ್ತೆ ಚಿಗುರು. ಶಾಲೆಯ ಕೈತೋಟಕ್ಕೆ ನನ್ನನ್ನು ಒಂದೇ ಗಿಡ ಆರಿಸೆಂದರೆ ನಾನು ಅರಿಶಿನವನ್ನು ಆರಿಸುತ್ತೇನೆ. ಏಕೆಂದು ನೋಡಿ. ಅದರ ವರ್ಷವೂ ನಿಮ್ಮ ಶಾಲೆಯ ವರ್ಷವೂ ಒಂದೇ! ಶಾಲೆ ತೆರೆದ ವಾರದಲ್ಲಿ ಮೊಳಕೆಯಿರುವ ತುಂಡನ್ನು ನೆಡುತ್ತೀರಿ. ನಾಗರಪಂಚಮಿಯ ಹೊತ್ತಿಗೆ ಕಡುಬಿಗೆ ಎಲೆ ಸಿಗುತ್ತದೆ. ಏಳರಿಂದ ಒಂಬತ್ತು ತಿಂಗಳಲ್ಲಿ ಬೆಳೆ ಬಲಿಯುತ್ತದೆ. ಜನವರಿ, ಫೆಬ್ರವರಿಯಲ್ಲಿ ಎಲೆ ಒಣಗಿದಾಗ ಅಗೆದು ತೆಗೆಯುತ್ತೀರಿ. ಬೀಜಕ್ಕೆಂದು ಒಂದಷ್ಟು ಗಡ್ಡೆಯನ್ನು ನೆರಳಿನಲ್ಲಿ ಮರಳಿನೊಳಗೆ ಇಟ್ಟು ಬೀಗ ಹಾಕಿ ರಜೆಗೆ ಹೋಗಬಹುದು. 128 ಬಕೆಟ್ಟಿನಲ್ಲಿ ಒಂದನ್ನೂ ಹೊರಬೇಕಾಗಿಲ್ಲ.

ಕೆಸುವಿನ ಎಲೆಗೆ ಇನ್ನೊಂದು ಗುಣವೂ ಇದೆ. ಅದರ ಮೇಲೆ ನೀರು ನಿಲ್ಲುವುದಿಲ್ಲ, ಮುತ್ತಿನಂತೆ ಉರುಳಿಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು ಮತ್ತು ಮೇಣದ ಲೇಪ ಇದಕ್ಕೆ ಕಾರಣ. ಹಾಗೆಂದು ಹಸಿ ಎಲೆಯನ್ನು ಕಚ್ಚಿ ನೋಡಬೇಡಿ! ಅದರಲ್ಲಿ ಸೂಜಿಯಂತಹ ಹರಳುಗಳಿವೆ, ಗಂಟಲು ತುರಿಸುತ್ತದೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಸುಮ್ಮನೆ ಅಲ್ಲ.

ಮೂರನೆಯದು ಎದೆಕೊಟ್ಟು ನಿಲ್ಲುವ ಉಪಾಯ. ಕೇಪುಳವನ್ನು ನೀವು ಗುಡ್ಡದಲ್ಲಿ ನೋಡಿರುತ್ತೀರಿ, ಅದರ ಕೆಂಪು ಹಣ್ಣನ್ನು ತಿಂದೂ ಇರುತ್ತೀರಿ. ದಪ್ಪ, ಹೊಳೆಯುವ ಎಲೆ. ಮೇಲೆ ಮೇಣದಂತಹ ಪದರ. ಆಮ್ಲೀಯವಾದ ಜಂಬಿಟ್ಟಿಗೆ ಮಣ್ಣೇ ಅದಕ್ಕೆ ಇಷ್ಟ. ಉದ್ದ ಸೊಂಡಿಲಿನ ಚಿಟ್ಟೆಗಳು ಅದರ ಕೊಳವೆಯಂತಹ ಹೂಗಳಿಗೆ ಬರುತ್ತವೆ. ಆದರೆ ಇದನ್ನು ಹೊಸ ಸಿಮೆಂಟು ಗೋಡೆಯ ಬುಡದಲ್ಲಿ ನೆಟ್ಟರೆ ಒಂದು ವಿಚಿತ್ರ ನಡೆಯುತ್ತದೆ. ಎಳೆಯ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕಬ್ಬಿಣದ ಕೊರತೆ. ಕಬ್ಬಿಣದಿಂದಲೇ ಕೆಂಪಾದ ಮಣ್ಣಿನಲ್ಲಿ ಕಬ್ಬಿಣದ ಕೊರತೆ! ಗೋಡೆಯ ಸಿಮೆಂಟು, ಸುಣ್ಣ ಸೇರಿ ಮಣ್ಣಿನ ಆಮ್ಲೀಯತೆ ಹೋಯಿತು. ಕಬ್ಬಿಣ ಅಲ್ಲೇ ಇದ್ದರೂ ಬೇರು ಹೀರಿಕೊಳ್ಳುವ ರೂಪದಲ್ಲಿ ಉಳಿಯಲಿಲ್ಲ. ಗಿಡವನ್ನು ಗೋಡೆಯಿಂದ ಮೂರು ನಾಲ್ಕು ಅಡಿ ದೂರ ನೆಟ್ಟರೆ ಈ ತೊಂದರೆ ಇಲ್ಲ.

ದಾಸವಾಳವೂ ಗಟ್ಟಿ ಗಿಡ. ಜೂನ್‌ನಲ್ಲಿ ಗೇಣುದ್ದದ ಕೊಂಬೆ ಊರಿದರೆ ಬೇರು ಬಿಡುತ್ತದೆ. ಮರವೇ ಬೇಕೆಂದರೆ ಪುನರ್ಪುಳಿ ಇದೆ. ಅದನ್ನು ಉತ್ತರ ಕನ್ನಡದಲ್ಲಿ ಮುರುಗಲು ಎನ್ನುತ್ತಾರೆ. ನಮ್ಮ ಪಶ್ಚಿಮ ಘಟ್ಟದ್ದೇ ಮರ. ಬೆಳವಣಿಗೆ ನಿಧಾನ. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಇರುವುದರಿಂದ ಒಂದೇ ಸಸಿ ನೆಟ್ಟು ಹಣ್ಣಿಗೆ ಕಾಯಬೇಡಿ.

ಆರೈಕೆ ಬೇಡದ ಗಿಡವೆಲ್ಲ ಒಳ್ಳೆಯದೇ?

ಕಣಗಿಲೆ ಬರಗಾಲಕ್ಕೆ ಹೇಳಿ ಮಾಡಿಸಿದ ಗಿಡ. ಅದರ ಪತ್ರರಂಧ್ರಗಳು ಎಲೆಯ ಅಡಿಭಾಗದ ಕುಳಿಗಳಲ್ಲಿ, ಕೂದಲಿನಂತಹ ಎಳೆಗಳ ಮರೆಯಲ್ಲಿ ಅಡಗಿವೆ. ಎಷ್ಟು ಜಾಣ ಏರ್ಪಾಡು! ಆದರೆ ಅದರ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಒಂದನೆಯ ತರಗತಿಯ ಮಕ್ಕಳು ಆಡುವ ಜಾಗದಲ್ಲಿ ಅದು ಖಂಡಿತ ಬೇಡ.

ಲಂಟಾನದ ಕಥೆ ಇನ್ನೂ ದೊಡ್ಡದು. ಸುಮಾರು ಇನ್ನೂರು ವರ್ಷಗಳ ಹಿಂದೆ ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ಭಾರತಕ್ಕೆ ತಂದ ಗಿಡ ಅದು. ನೀರು ಬೇಡ, ಗೊಬ್ಬರ ಬೇಡ, ದನ ತಿನ್ನುವುದಿಲ್ಲ, ಬಣ್ಣಬಣ್ಣದ ಹೂ. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಅದು ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಲು ಬಿಡದೆ ಹಬ್ಬಿದೆ. ಜಿಂಕೆಗಳ ಮೇವು ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ಆದ್ದರಿಂದ ಹೊಸ ಗಿಡ ತರುವಾಗ ಎರಡು ಪ್ರಶ್ನೆ ಕೇಳಿ: ಇದು ಇಲ್ಲಿ ಬದುಕುತ್ತದೆಯೇ? ಬೇಡವೆಂದಾಗ ಇದನ್ನು ತಡೆಯಬಹುದೇ?

ರಜೆಗೆ ಮುಂಚೆ

ಯಾವ ಗಿಡವೂ ಮೊದಲ ವರ್ಷ ಎಳೆಯ ಮಗುವಿನಂತೆ. ಜೂನ್‌ನಲ್ಲೇ ನೆಟ್ಟರೆ ಬೇಸಗೆಗೆ ಮುನ್ನ ಬೇರು ಇಳಿಯಲು ಹತ್ತು ತಿಂಗಳು ಸಿಗುತ್ತದೆ. ಚಳಿಗಾಲದಲ್ಲಿ ದಿನವೂ ಒಂದು ಚೊಂಬು ನೀರು ಹಾಕುವ ಬದಲು ನಾಲ್ಕು ದಿನಕ್ಕೊಮ್ಮೆ ಒಂದು ಬಕೆಟ್ ಹಾಕಿ. ಮೇಲೆ ಮೇಲೆ ನೀರು ಸಿಕ್ಕಿದರೆ ಬೇರು ಮೇಲೆಯೇ ಉಳಿಯುತ್ತದೆ. ನೀರು ಆಳಕ್ಕೆ ಹೋದರೆ ಬೇರೂ ಆಳಕ್ಕೆ ಹೋಗುತ್ತದೆ. ಮಾರ್ಚ್ ಕೊನೆಯಲ್ಲಿ ಬುಡದ ಸುತ್ತ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಬಿಸಿಲು ಮಣ್ಣಿಗೆ ನೇರವಾಗಿ ಬೀಳದಿದ್ದರೆ ತೇವ ಬೇಗ ಆರುವುದಿಲ್ಲ. ಕರಾವಳಿಯಲ್ಲಿ ತೆಂಗಿನ ಸಿಪ್ಪೆಗೆ ಬರವೇ? ಅದನ್ನು ಬುಡದ ಸುತ್ತ ಮಣ್ಣಿನಲ್ಲಿ ಹೂತರೆ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ.

ಮಾಡಿ ನೋಡಿ

ದಾಸವಾಳ, ಕೇಪುಳ, ಗೌರಿ ಹೂ, ದೊಡ್ಡಪತ್ರೆ, ಬಸಳೆ ಇವುಗಳ ಒಂದೊಂದು ಎಲೆಯನ್ನು ಒಂದೇ ಹೊತ್ತಿನಲ್ಲಿ ಕಿತ್ತು ತರಗತಿಯ ಕಿಟಕಿಯ ಬಳಿ ನೆರಳಿನಲ್ಲಿ ಸಾಲಾಗಿ ಇಡಿ. ಮುಟ್ಟಿ, ಮಡಚಿ ನೋಡಿ. ಮರುದಿನ, ಮೂರನೆಯ ದಿನ, ಐದನೆಯ ದಿನ ಯಾವುದು ಬಾಡಿತು, ಯಾವುದು ಇನ್ನೂ ಗಟ್ಟಿಯಾಗಿದೆ ಎಂದು ಪುಸ್ತಕದಲ್ಲಿ ಬರೆಯಿರಿ. ಅಷ್ಟೇ ದಿನ ಇನ್ನೊಂದು ಸಾಲು ಎಲೆಗಳನ್ನು ಒದ್ದೆ ಬಟ್ಟೆಯ ನಡುವೆ ಇಡಿ. ಬಟ್ಟೆ ಆರದಂತೆ ನೋಡಿಕೊಳ್ಳಿ. ಅಲ್ಲಿ ಯಾವುದು ಮೊದಲು ಕೊಳೆಯಿತು? ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಈ ವರ್ಷ ನಿಮ್ಮ ಕೈತೋಟದಲ್ಲಿ ಯಾವ ಗಿಡ ಎಲ್ಲಿರಬೇಕೆಂದು ಗುಂಪಿನಲ್ಲಿ ಚರ್ಚಿಸಿ, ನಕ್ಷೆ ಬರೆದು ನಿಮ್ಮ ಗುರುಗಳಿಗೆ ತೋರಿಸಿ.