ಉಕ್ಕಿನ ಪರೀಕ್ಷಕನಾದ ತಂದೆ



1967ರ ಡಿಸೆಂಬರ್ 15. ಕ್ರಿಸ್ತ ಜಯಂತಿಗೆ ಇನ್ನು ಹತ್ತೇ ದಿನ. ಅಮೆರಿಕದ ಒಹಾಯೊ ನದಿಯ ಮೇಲಿದ್ದ 'ಸಿಲ್ವರ್ ಬ್ರಿಜ್' ಎಂಬ ತೂಗುಸೇತುವೆ ಸಂಜೆಯ ವಾಹನ ದಟ್ಟಣೆಯ ಹೊತ್ತಿನಲ್ಲಿ ಕುಸಿದು ನೀರಿಗೆ ಬಿತ್ತು. 46 ಮಂದಿ ಪ್ರಾಣ ಕಳೆದುಕೊಂಡರು. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಒಂದು ಪಟ್ಟಿಯಲ್ಲಿದ್ದ ಬಿರುಕು. ಅದರ ಆಳ ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ! 1928ರಲ್ಲಿ ಸೇತುವೆ ತೆರೆದಂದಿನಿಂದ ಸುಮಾರು ನಲವತ್ತು ವರ್ಷ, ಬಿಚ್ಚಿ ನೋಡದೆ ಕಾಣಲಾಗದ ಜಾಗದಲ್ಲಿ ಅದು ಮೆಲ್ಲಮೆಲ್ಲನೆ ಬೆಳೆದಿತ್ತು.

ಇಂಥ ಬಿರುಕುಗಳನ್ನು ಹುಡುಕುವುದೇ ಕಸುಬಾಗಿರುವ ಜನರಿದ್ದಾರೆ. ಇನ್‌ಸ್ಪೆಕ್ಟರ್ ಎಂದೊಡನೆ ನಮಗೆ ಪೊಲೀಸರ ನೆನಪಾಗುತ್ತದೆ. ಆದರೆ ಉಕ್ಕಿನ ಇನ್‌ಸ್ಪೆಕ್ಟರ್‌ಗೆ ಲಾಠಿಯಿಲ್ಲ. ಆತನ ಬಳಿ ಇರುವುದು ಅಳತೆಪಟ್ಟಿ, ಪರೀಕ್ಷೆಯ ಯಂತ್ರ ಮತ್ತು ಒಂದು ಸಹಿ.

ಉಕ್ಕಿನ ಕಾರ್ಖಾನೆ ನಮ್ಮ ನಾಡಿಗೆ ಹೊಸದಲ್ಲ. ಭದ್ರಾ ನದಿಯ ದಂಡೆಯ ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣದ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿ ಕರಗಿ ಹರಿಯಿತು. ಅಂಥ ಕಾರ್ಖಾನೆಗಳ ಸೈರನ್ ಕೇಳಿಯೇ ಏಳುವ, ಊಟ ಮಾಡುವ, ಮಲಗುವ ಕುಟುಂಬಗಳು ಎಷ್ಟೋ ಊರುಗಳಲ್ಲಿವೆ. ಯಾವುದೋ ಒಂದು ಊರಿನ, ಯಾವುದೋ ಒಂದು ಕಾರ್ಖಾನೆಯ ಒಬ್ಬ ಕಥೋಲಿಕ ತಂದೆಯನ್ನು ನಾವೀಗ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ.

ಸಹಿಯ ಬೆಲೆ

ಆತನ ಮುಂದೆ ಉಕ್ಕಿನ ಸರಳುಗಳ ರಾಶಿಯಿದೆ. ಪ್ರತಿ ಸಲ ಕುಲುಮೆಯಿಂದ ಇಳಿಸಿದ ಉಕ್ಕಿಗೂ ಒಂದು ಸಂಖ್ಯೆಯುಂಟು. ಅದಕ್ಕೆ 'ಹೀಟ್ ನಂಬರ್' ಎನ್ನುತ್ತಾರೆ. ಆ ಉಕ್ಕಿನಲ್ಲಿ ಗಂಧಕ ಹೆಚ್ಚಾಗಿದ್ದರೆ ಕಾಯಿಸಿ ಬಡಿಯುವಾಗ ಅದು ಸೀಳುತ್ತದೆ. ರಂಜಕ ಹೆಚ್ಚಾಗಿದ್ದರೆ ಚಳಿಯಲ್ಲಿ ಮುರಿಯುತ್ತದೆ. ಗಡಸುತನ ಅಳೆಯಲು ಹತ್ತು ಮಿಲಿಮೀಟರಿನ ಗುಂಡನ್ನು ಮೂರು ಸಾವಿರ ಕಿಲೋ ಭಾರದಿಂದ ಅದುಮಿ, ಬಿದ್ದ ಗುಳಿಯ ಅಗಲವನ್ನು ನೋಡುತ್ತಾರೆ. ಒಳಗಿನ ಬಿರುಕನ್ನು ಕಂಡುಹಿಡಿಯಲು ಕಿವಿಗೆ ಕೇಳದ ಶಬ್ದದ ಅಲೆಯನ್ನು ಉಕ್ಕಿನೊಳಗೆ ಕಳಿಸಿ ಅದರ ಮರುದನಿಯನ್ನು ಗಮನಿಸುತ್ತಾರೆ. ಎಲ್ಲವೂ ಸರಿಯಿದ್ದರೆ ಮಾತ್ರ ಸರ್ಟಿಫಿಕೇಟಿಗೆ ಸಹಿ.

ಇಲ್ಲಿಯೇ ನಿಜವಾದ ಪರೀಕ್ಷೆ. ತಿಂಗಳ ಕೊನೆ, ಲಾರಿ ಗೇಟಿನಲ್ಲಿ ನಿಂತಿದೆ. "ಸ್ವಲ್ಪ ವ್ಯತ್ಯಾಸ ತಾನೇ ಸಾರ್, ಸಹಿ ಹಾಕಿಬಿಡಿ. ಯಾರಿಗೆ ಗೊತ್ತಾಗುತ್ತೆ?" ಎಂದು ಪಕ್ಕದವರು ಹೇಳುತ್ತಾರೆ. ಬಡ್ತಿ ಮೇಲಿನವರ ಕೈಯಲ್ಲಿದೆ. ಮನೆಯಲ್ಲಿ ಮಗಳ ಫೀಸು ಕಟ್ಟಬೇಕು, ತಾಯಿಗೆ ಔಷಧ ತರಬೇಕು. ಈ ಉಕ್ಕು ನಾಳೆ ಯಾವ ಬಸ್ಸಿನ ಅಚ್ಚಾಗುವುದೋ, ಅದರಲ್ಲಿ ಯಾರ ಮಕ್ಕಳು ಕೂರುವರೋ ಆತನಿಗೆ ತಿಳಿಯದು. ಅವರೂ ಈತನ ಹೆಸರನ್ನು ಎಂದೂ ಕೇಳುವುದಿಲ್ಲ. ಆದರೂ ಅವರ ಪ್ರಾಣ ಆ ಕ್ಷಣ ಆತನ ಪೆನ್ನಿನ ತುದಿಯಲ್ಲಿರುತ್ತದೆ.

ಇದು ಬರೀ ಕಲ್ಪನೆಯಲ್ಲ. ಅಮೆರಿಕದ ಟಕೋಮಾ ನಗರದ ಒಂದು ಎರಕದ ಕಾರ್ಖಾನೆಯಲ್ಲಿ, ಜಲಾಂತರ್ಗಾಮಿ ನೌಕೆಗಳಿಗೆ ಬೇಕಾದ ಉಕ್ಕಿನ ಪರೀಕ್ಷೆಯ ಅಂಕೆಗಳನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತಿದ್ದಿದ್ದು ಬಯಲಾಯಿತು. ಹೊಣೆ ಹೊತ್ತವರು 2021ರಲ್ಲಿ ತಪ್ಪೊಪ್ಪಿಕೊಂಡರು. 2022ರಲ್ಲಿ ಅವರಿಗೆ ಸೆರೆವಾಸದ ಶಿಕ್ಷೆಯಾಯಿತು. ಮೊದಲ ದಿನ ತಿದ್ದಿದ್ದು ಒಂದೇ ಒಂದು ಅಂಕೆ ಇರಬೇಕಲ್ಲವೇ? ಆತ್ಮಸಾಕ್ಷಿಯ ಬಿರುಕೂ ಉಕ್ಕಿನ ಬಿರುಕಿನಂತೆಯೇ ಬೆಳೆಯುತ್ತದೆ.

ಧರ್ಮಸಭೆಯ ಬೋಧನೆ

ಮೋಸದ ತಕ್ಕಡಿಯನ್ನು ದೇವರು ಸಹಿಸುವುದಿಲ್ಲವೆಂದು ಜ್ಞಾನೋಕ್ತಿಗಳ ಗ್ರಂಥ (11:1) ಎಚ್ಚರಿಸುತ್ತದೆ. ಅಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತನೆಂದು ಪ್ರಭು ಯೇಸು ಕಲಿಸಿದರು (ಲೂಕ 16:10). ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಬಿಗಿಹಿಡಿಯಬೇಕೆಂದು ಸಂತ ಪೌಲರು ಥೆಸಲೋನಿಕದವರಿಗೆ ಬರೆದರು (1 ಥೆಸ. 5:21). ಉಕ್ಕಿನ ಪರೀಕ್ಷಕನಿಗೆ ಇದಕ್ಕಿಂತ ಒಪ್ಪುವ ವಾಕ್ಯ ಬೇರೊಂದಿಲ್ಲ!

1955ರಲ್ಲಿ 12ನೆಯ ಪಯಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವಾಗಿ ಸಾರಿದರು. ಯೌವನದಲ್ಲಿ ಪೋಲೆಂಡಿನ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ಕೂಲಿ ಮಾಡಿದ್ದ 2ನೆಯ ಜಾನ್ ಪಾಲ್ ಜಗದ್ಗುರುಗಳು, 1981ರ ತಮ್ಮ ವಿಶ್ವಪರಿಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲವೆಂದು ಬೋಧಿಸಿದರು. ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಶುಭಸಂದೇಶದಲ್ಲಿಲ್ಲ. ಅವರು ನೀತಿವಂತರಾಗಿದ್ದರು ಎಂದು ಮಾತ್ರ ಮತ್ತಾಯ (1:19) ಹೇಳುತ್ತಾನೆ. ಜನ ಯೇಸುವನ್ನು ಗುರುತಿಸಿದ್ದು ಆ ಬಡಗಿಯ ಮಗನೆಂದೇ. ತಂದೆಯ ಪ್ರಾಮಾಣಿಕ ಕಸುಬು ಮಗನ ಗುರುತಾಯಿತು.

ಮನೆಗೆ ಬಂದ ಮೇಲೆ

ಆದರೆ ಈ ತಂದೆಗೆ ಇನ್ನೊಂದು ಅಪಾಯವಿದೆ. ದಿನವಿಡೀ ತಪ್ಪು ಹುಡುಕಿದ ಕಣ್ಣು ಮನೆಯಲ್ಲೂ ತಪ್ಪನ್ನೇ ಹುಡುಕಬಹುದು. ಸಾರಿಗೆ ಉಪ್ಪು ಹೆಚ್ಚಾಯಿತು, ಮಗನ ಅಂಕ ಕಡಿಮೆಯಾಯಿತು, ಮಗಳು ತಡವಾಗಿ ಬಂದಳು ಎಂದು ಮನೆಯವರನ್ನೆಲ್ಲ ಅಳತೆಪಟ್ಟಿ ಹಿಡಿದು ನೋಡಬಹುದು. ಅಪ್ಪ ಬಂದೊಡನೆ ಮಕ್ಕಳು ಮಾತು ನಿಲ್ಲಿಸಿದರೆ, ಅದೂ ಒಂದು ಬಿರುಕೇ.

ಕಾರ್ಖಾನೆಯೇ ಆತನಿಗೆ ಇದಕ್ಕೆ ಉತ್ತರ ಕೊಡುತ್ತದೆ. ಪರೀಕ್ಷೆಯಲ್ಲಿ ಸೋತ ಉಕ್ಕನ್ನು ಯಾರೂ ಹೊಳೆಗೆ ಎಸೆಯುವುದಿಲ್ಲ. ಅದು ಮತ್ತೆ ಕುಲುಮೆಗೆ ಹೋಗುತ್ತದೆ, ಕರಗುತ್ತದೆ, ಹೊಸ ಉಕ್ಕಾಗಿ ಹೊರಬರುತ್ತದೆ. ಬಿರುಕನ್ನು ಮುಚ್ಚಿಡುವುದು ಪ್ರೀತಿಯಲ್ಲ. ಬಿರುಕು ಕಂಡಿತೆಂದು ಎಸೆದುಬಿಡುವುದೂ ನ್ಯಾಯವಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿ ದೇವರು ನಮ್ಮೊಡನೆ ನಡೆದುಕೊಳ್ಳುವುದೂ ಹೀಗೆಯೇ. ತಪ್ಪನ್ನು ತಪ್ಪೆಂದೇ ಹೇಳಿಸುತ್ತಾರೆ. ಆಮೇಲೆ ನಮ್ಮನ್ನು ಹೊಸಬರನ್ನಾಗಿ ಮಾಡುತ್ತಾರೆ.

ಆದ್ದರಿಂದ ಆ ತಂದೆ ಬಾಗಿಲಲ್ಲಿ ಬೂಟು ಬಿಚ್ಚುವಾಗ ಇನ್‌ಸ್ಪೆಕ್ಟರ್‌ಗಿರಿಯನ್ನೂ ಅಲ್ಲೇ ಬಿಡಲಿ. ಸಂಜೆಯ ಜಪಸರಕ್ಕೆ ಎಲ್ಲರೊಡನೆ ಕೂರಲಿ. ರಾತ್ರಿ ಪಾಳಿಯಿದ್ದರೆ ಹೊರಡುವ ಮುನ್ನ ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲಿ. ಮಕ್ಕಳನ್ನು ಪರೀಕ್ಷಿಸುವ ಮೊದಲು ತನ್ನನ್ನು ತಾನು ಪರೀಕ್ಷಿಸಿಕೊಳ್ಳಲಿ. "ಇವತ್ತು ಕೋಪದಲ್ಲಿ ಅಂದುಬಿಟ್ಟೆ, ತಪ್ಪಾಯಿತು ಮಗಾ" ಎಂದು ತಂದೆ ಒಮ್ಮೆ ಹೇಳಿದರೆ, ನಲವತ್ತು ವರ್ಷ ಬೆಳೆಯಬೇಕಿದ್ದ ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಈ ವಾರ ಮನೆಯಲ್ಲಿ ಮಾತಾಡಿ

1. ನನ್ನ ಕೆಲಸದಲ್ಲಿ 'ಯಾರಿಗೆ ಗೊತ್ತಾಗುತ್ತೆ?' ಎಂದು ನಾನು ಬಿಟ್ಟುಬಿಡುವ ಸಣ್ಣ ತಪ್ಪು ಯಾವುದು?

2. ನನ್ನ ದುಡಿಮೆಯನ್ನು ನಂಬಿರುವ, ನಾನು ಎಂದೂ ನೋಡದ ಜನ ಯಾರು?

3. ನಮ್ಮ ಮನೆಯಲ್ಲಿ ಇಂದೇ ಸರಿಪಡಿಸಬಹುದಾದ ಬಿರುಕು ಯಾವುದು?

ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮ್ಮ ತಂದೆಯಂದಿರ ಕೈಗಳು ನೇರವಾಗಿಯೂ ಹೃದಯಗಳು ಮೃದುವಾಗಿಯೂ ಇರುವಂತೆ ನಮಗಾಗಿ ಪ್ರಾರ್ಥಿಸಿರಿ.