ಖೇಚರಿಯ ನಾಲಗೆ, ಮೂಗಿನ ಎರಡು ಹೊಳ್ಳೆ: ಎಲ್ಲಿವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು?

ಯೋಗದ ವಿಡಿಯೋಗಳನ್ನು ನೋಡುವವರಿಗೆ 'ಖೇಚರಿ ಮುದ್ರೆ' ಅನ್ನೋ ಹೆಸರು ಒಂದಲ್ಲ ಒಂದು ದಿನ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾಲಗೆಯನ್ನು ಹಿಂದಕ್ಕೆ ಮಡಚಿ, ಕಿರುನಾಲಗೆ ದಾಟಿಸಿ, ಅಂಗುಳದ ಹಿಂದಿನ ಪೊಳ್ಳಿಗೆ ಸೇರಿಸುವ ಅಭ್ಯಾಸ ಇದು. ಹಸಿವು, ನಿದ್ದೆ, ಮುಪ್ಪು ಎಲ್ಲ ಗೆಲ್ಲಬಹುದು ಅಂತ ಹೇಳುವವರಿದ್ದಾರೆ. ಅದಕ್ಕಾಗಿ ನಾಲಗೆಯ ಕೆಳಗಿನ ಪೊರೆಯನ್ನು ಕತ್ತರಿಸಿಕೊಳ್ಳಿ ಅಂತ ಹೇಳುವವರೂ ಇದ್ದಾರೆ. ಹಾಸ್ಟೆಲ್ ರೂಮಿನಲ್ಲಿ ಬ್ಲೇಡು ಕೈಗೆ ತಗೊಳ್ಳೋ ಮೊದಲು ಇದನ್ನೊಂದಿಷ್ಟು ಓದ್ರಿ ಅಂತ ಈ ಪಾಠ.

ಹಳೆಯ ಗ್ರಂಥ ಏನು ಹೇಳುತ್ತದೆ?

'ಖೇ' ಅಂದರೆ ಆಕಾಶದಲ್ಲಿ, 'ಚರಿ' ಅಂದರೆ ಚಲಿಸುವುದು. ಇಲ್ಲಿ ಆಕಾಶ ಅಂದರೆ ತಲೆಬುರುಡೆಯೊಳಗಿನ ಪೊಳ್ಳು. ಸುಮಾರು 15ನೇ ಶತಮಾನದ, ಸ್ವಾತ್ಮಾರಾಮನ 'ಹಠಯೋಗ ಪ್ರದೀಪಿಕೆ'ಯ ಮೂರನೆಯ ಅಧ್ಯಾಯದಲ್ಲಿ ಇದರ ವಿವರ ಇದೆ. ಮೂರು ಕೆಲಸ ಹೇಳಿದ್ದಾರೆ: ಛೇದನ, ಚಾಲನ, ದೋಹನ. ಅಂದರೆ ಪೊರೆಯನ್ನು ಕೂದಲೆಳೆಯಷ್ಟು ಕತ್ತರಿಸುವುದು, ನಾಲಗೆಯನ್ನು ಆಡಿಸುವುದು, ಹಸುವಿನ ಹಾಲು ಕರೆದಂತೆ ಎಳೆಯುವುದು. ಗಾಯಕ್ಕೆ ಸೈಂಧವ ಲವಣ, ಅಳಲೆಕಾಯಿ ಪುಡಿ ತಿಕ್ಕಬೇಕು. ಏಳು ದಿನಕ್ಕೊಮ್ಮೆ ಹೀಗೆ ಮಾಡಿದರೆ ಆರು ತಿಂಗಳಲ್ಲಿ ಪೊರೆ ಹೋಗುತ್ತದೆ ಅಂತ ಲೆಕ್ಕ.

ಇದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ, ಅದನ್ನು ವಿಡಿಯೋದವರು ಹೇಳೋದಿಲ್ಲ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಅವಸರ ಮಾಡಿದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅನ್ನುವ ಎಚ್ಚರಿಕೆ ಅದು. ಪತಂಜಲಿಯ ಯೋಗಸೂತ್ರಗಳಲ್ಲಂತೂ ಖೇಚರಿಯ ಹೆಸರೇ ಇಲ್ಲ. ಅಂದಮೇಲೆ ಇದನ್ನು ಮಾಡದಿದ್ದರೆ ಯೋಗವೇ ಪೂರ್ತಿ ಆಗೋದಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ನಾಲಗೆಗೂ ಮೂಗಿಗೂ ಏನು ಸಂಬಂಧ?

ಮೂಗಿನ ಎರಡು ಹೊಳ್ಳೆಗಳು ಮುಂದೆ ಮಾತ್ರ ಅಲ್ಲ, ಹಿಂದೆಯೂ ತೆರೆದುಕೊಳ್ಳುತ್ತವೆ. ಮೃದು ಅಂಗುಳದ ಮೇಲೆ, ಗಂಟಲಿನ ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾಗಿಲು. ಪೂರ್ಣ ಖೇಚರಿಯಲ್ಲಿ ನಾಲಗೆಯ ತುದಿ ಇಲ್ಲಿಗೆ ತಲುಪುತ್ತದೆ. ನಾಡಿಶೋಧನದಲ್ಲಿ ಬೆರಳು ಹೊರಗಿನಿಂದ ಮಾಡುವ ಕೆಲಸವನ್ನು, ಅಂದರೆ ಒಂದು ಹೊಳ್ಳೆ ಮುಚ್ಚಿ ಇನ್ನೊಂದನ್ನು ಬಿಡುವುದನ್ನು, ನಾಲಗೆ ಒಳಗಿನಿಂದ ಮಾಡಬಲ್ಲದು. ವಾಲ್ವ್ ಒಂದೇ, ಕೂರಿಸಿದ ಜಾಗ ಬೇರೆ. ಹಾಗಾದರೆ ಬೆರಳಿನಿಂದಲೇ ಆಗುವ ಕೆಲಸಕ್ಕೆ ಬಾಯೊಳಗೆ ಗಾಯ ಯಾಕೆ?

ಗಾಯದ ವಿಷಯ ಸ್ಪಷ್ಟವಾಗಿಯೇ ಹೇಳೋಣ. ನಾಲಗೆಯಡಿಯ ಆ ಪೊರೆಯ ಎರಡೂ ಕಡೆ ರಕ್ತನಾಳಗಳಿವೆ, ಜೊಲ್ಲು ಗ್ರಂಥಿಗಳ ಬಾಯಿಗಳಿವೆ, ನರದ ಕವಲುಗಳಿವೆ. ಕೈ ತಪ್ಪಿದರೆ ರಕ್ತ ನಿಲ್ಲುವುದು ಕಷ್ಟ. ಬಾಯಿಯ ತಳಕ್ಕೆ ಸೋಂಕು ತಗುಲಿ ಊತ ಏರಿದರೆ ಉಸಿರಾಟದ ದಾರಿಯೇ ಮುಚ್ಚಬಹುದು. ಇದು ತುರ್ತು ಚಿಕಿತ್ಸೆಯ ಸ್ಥಿತಿ. ಗಾಯ ಮಾಯುವಾಗ ಗಟ್ಟಿ ಕಲೆ ಕಟ್ಟಿ ನಾಲಗೆ ಮೊದಲಿಗಿಂತ ಬಿಗಿಯಾಗುವುದೂ ಉಂಟು. ಹುಟ್ಟಿನಿಂದಲೇ ನಾಲಗೆ ಅಂಟಿಕೊಂಡಿದ್ದರೆ ವೈದ್ಯರು ಮಾಡುವ ಶಸ್ತ್ರಚಿಕಿತ್ಸೆಯ ಮಾತೇ ಬೇರೆ. ಮನೆಯಲ್ಲಿ ಮಾತ್ರ ಇದನ್ನ ಮಾಡಬ್ಯಾಡ್ರಿ.

ಹೊಳ್ಳೆಗಳ ಪಾಳಿ

ಈಗ ಎಂಜಿನಿಯರಿಂಗ್ ಕಡೆ ಬರೋಣ. ಎರಡೂ ಹೊಳ್ಳೆ ಒಂದೇ ಸಮ ಕೆಲಸ ಮಾಡುತ್ತವೆ ಅಂತ ನಾವು ತಿಳಿದಿರುತ್ತೇವೆ. ಹಾಗಿಲ್ಲ. ಒಂದು ಹೆಚ್ಚು ತೆರೆದಿದ್ದರೆ ಇನ್ನೊಂದು ಬಿಗಿದಿರುತ್ತದೆ, ಕೆಲವು ಗಂಟೆಗಳ ನಂತರ ಪಾಳಿ ಬದಲು. ಸ್ವರಶಾಸ್ತ್ರದವರು ಎಡಕ್ಕೆ ಇಡಾ ಅಥವಾ ಚಂದ್ರ, ಬಲಕ್ಕೆ ಪಿಂಗಳಾ ಅಥವಾ ಸೂರ್ಯ ಅಂತ ಹೆಸರಿಟ್ಟು ಇದನ್ನು ಗಮನಿಸಿದ್ದರು. ಜರ್ಮನಿಯ ವೈದ್ಯ ರಿಚರ್ಡ್ ಕೈಸರ್ 1895ರಲ್ಲಿ ಇದನ್ನು ವೈದ್ಯಶಾಸ್ತ್ರದ ಭಾಷೆಯಲ್ಲಿ ಬರೆದ. ಮೂಗಿನೊಳಗಿನ ಮೆತ್ತನೆಯ ಮಡಿಕೆಗಳಿಗೆ ರಕ್ತ ತುಂಬಿದರೆ ಆ ಕಡೆ ಬಿಗಿ, ಇಳಿದರೆ ಸಡಿಲ. ನಮ್ಮ ಇಚ್ಛೆಗೆ ಸಿಗದ ಸ್ವಾಯತ್ತ ನರಮಂಡಲ ಇದನ್ನು ನಡೆಸುತ್ತದೆ.

ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ಘಟಪ್ರಭೆಯ ನೀರಿನಿಂದ ವಿದ್ಯುತ್ ಮಾಡಿದ್ದು ನಮ್ಮ ಕೊಣ್ಣೂರ ಕಡೆಯವರಿಗೆ ಹೆಮ್ಮೆಯ ವಿಷಯ. ಪೈಪಿನ ಅಳತೆ ಎಷ್ಟು ಮುಖ್ಯ ಅಂತ ಅಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗಾಳಿಗೂ ಅಷ್ಟೇ. ನಯವಾದ ಹರಿವಿನಲ್ಲಿ ಹರಿವಿನ ಪ್ರಮಾಣ ತ್ರಿಜ್ಯದ ನಾಲ್ಕನೇ ಘಾತದ ಮೇಲೆ ನಿಂತಿದೆ. ತ್ರಿಜ್ಯ ಶೇ. 20 ಕಡಿಮೆಯಾದರೆ, ಅದೇ ಒತ್ತಡದಲ್ಲಿ ಹರಿವು ಶೇ. 41ಕ್ಕೆ ಇಳಿಯುತ್ತದೆ. ಮೂಗು ನೆಟ್ಟಗಿನ ಪೈಪಲ್ಲ, ಲೆಕ್ಕ ಪಕ್ಕಾ ಕೂಡುವುದಿಲ್ಲ. ಆದರೂ ತುಸು ಊತಕ್ಕೇ ಹೊಳ್ಳೆ ಯಾಕೆ ಕಟ್ಟಿದಂತಾಗುತ್ತದೆ ಅನ್ನೋದು ಇದರಿಂದ ತಿಳಿಯುತ್ತದೆ.

ಬಲ ಮಗ್ಗುಲಿಗೆ ಮಲಗಿ ನೋಡ್ರಿ: ಸ್ವಲ್ಪ ಹೊತ್ತಿಗೆ ಸಾಮಾನ್ಯವಾಗಿ ಎಡ ಹೊಳ್ಳೆ ತೆರೆಯುತ್ತದೆ. ಕಂಕುಳಿನ ಮೇಲೆ ಬೀಳುವ ಒತ್ತಡಕ್ಕೂ ಇದರಲ್ಲಿ ಪಾತ್ರ ಇದೆ. ಸನ್ಯಾಸಿಗಳು ಕಂಕುಳಲ್ಲಿ ಇಟ್ಟುಕೊಳ್ಳುವ ಯೋಗದಂಡದ ಗುಟ್ಟು ಇದೇ.

ಬೆಂಗಳೂರಿನಲ್ಲಿ ನಡೆದ ಅಳತೆ

ಎಚ್.ಆರ್. ನಾಗೇಂದ್ರ ಅವರು ಐಐಎಸ್‌ಸಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಪಿಎಚ್‌ಡಿ ಮಾಡಿ, ನಾಸಾದಲ್ಲಿ ಕೆಲಸ ಮಾಡಿ, ಆಮೇಲೆ ಯೋಗ ಸಂಶೋಧನೆಗೆ ಬಂದವರು. ಶರ್ಲಿ ಟೆಲ್ಲಸ್, ಆರ್. ನಾಗರತ್ನ ಅವರ ಜೊತೆ 1994ರಲ್ಲಿ ಅವರು ಪ್ರಕಟಿಸಿದ ಒಂದು ಅಧ್ಯಯನ ನಮಗೆ ಇಲ್ಲಿ ಬೇಕಾದದ್ದು. ಒಂದು ಗುಂಪು ಬಲ ಹೊಳ್ಳೆ, ಒಂದು ಎಡ ಹೊಳ್ಳೆ, ಮತ್ತೊಂದು ಎರಡನ್ನೂ ಬದಲಿಸುತ್ತ ಉಸಿರಾಡಿತು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ 27 ಸುತ್ತು, ಒಂದು ತಿಂಗಳು. ಆಮ್ಲಜನಕ ಬಳಕೆ ಬಲದವರಲ್ಲಿ ಶೇ. 37, ಎಡದವರಲ್ಲಿ ಶೇ. 24, ಬದಲಿಸಿದವರಲ್ಲಿ ಶೇ. 18 ಏರಿತು.

ಸೂರ್ಯನಾಡಿ ಬಿಸಿ ಅನ್ನುವ ಮಾತಿಗೆ ಶೇ. 37 ಹೊಂದುತ್ತದೆ. ಆದರೆ ಚಂದ್ರನಾಡಿ ತಂಪು ಅನ್ನುವುದಾದರೆ ಎಡದವರಲ್ಲಿ ಇಳಿಯಬೇಕಿತ್ತಲ್ಲ? ಅಲ್ಲೂ ಏರಿತು. ಪರಂಪರೆಯ ಮಾತು ಒಂದಿಷ್ಟು ನಿಜವಾಯಿತು, ಒಂದಿಷ್ಟು ಆಗಲಿಲ್ಲ. ಹೀಗೆ ಅಳೆದು ನೋಡುವುದೇ ನಮ್ಮ ಕೆಲಸ.

ನಾವು ಮಾಡಬಹುದಾದ ಪಾಠ

1. ದಾಖಲೆ: ತಣ್ಣಗಿನ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಹಿಡಿದು ಮೆಲ್ಲಗೆ ಉಸಿರು ಬಿಡಿ. ಎರಡು ಮಂಜಿನ ಮಚ್ಚೆ ಬೀಳುತ್ತವೆ. ದೊಡ್ಡದು ಯಾವ ಕಡೆ ಅಂತ ಗಂಟೆಗೊಮ್ಮೆ ಬರೆದಿಡಿ. ಒಂದು ವಾರದ ಗ್ರಾಫ್ ಹಾಕಿದರೆ ನಿಮ್ಮ ಪಾಳಿ ಕಂಡೀತು. ಎಲ್ಲರಲ್ಲೂ ಅದು ಅಚ್ಚುಕಟ್ಟಾಗಿ ಇರುವುದಿಲ್ಲ.

2. ನಭೋಮುದ್ರೆ: ಕತ್ತರಿಸದೆ, ಎಳೆಯದೆ, ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ. ಐದಾರು ಉಸಿರು ಸಾಕು. ನೋವು ಬಂದರೆ, ಓಕರಿಕೆ ಬಂದರೆ ಬಿಟ್ಟುಬಿಡಿ.

3. ನಾಡಿಶೋಧನ: ಬಲಗೈ ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ತಗೊಳ್ಳಿ. ಉಂಗುರದ ಬೆರಳಿನಿಂದ ಎಡ ಮುಚ್ಚಿ ಬಲದಿಂದ ಬಿಡಿ. ಬಲದಿಂದಲೇ ತಗೊಂಡು ಎಡದಿಂದ ಬಿಡಿ. ಇದು ಒಂದು ಸುತ್ತು. 5 ಸೆಕೆಂಡ್ ಒಳಗೆ, 5 ಸೆಕೆಂಡ್ ಹೊರಗೆ ಅಂದರೆ ನಿಮಿಷಕ್ಕೆ 6 ಉಸಿರು, 0.1 ಹರ್ಟ್ಸ್. ರಕ್ತದೊತ್ತಡವನ್ನು ಸರಿದೂಗಿಸುವ ನಮ್ಮ ದೇಹದ ಫೀಡ್‌ಬ್ಯಾಕ್ ಸುತ್ತಿನ ಅನುರಣನವೂ ಇದರ ಆಸುಪಾಸಿನಲ್ಲೇ ಇದೆ. ಆರು ಸುತ್ತಿನಿಂದ ಶುರುಮಾಡಿ. ಉಸಿರು ಕಟ್ಟುವ ಕುಂಭಕ ಈಗ ಬೇಡ.

4. ಭ್ರಾಮರಿ: ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡಿ. ಸ್ವೀಡನ್ನಿನ ವೈಟ್ಸ್‌ಬರ್ಗ್, ಲುಂಡ್‌ಬರ್ಗ್ 2002ರಲ್ಲಿ ಅಳೆದಾಗ, ಸುಮ್ಮನೆ ಉಸಿರು ಬಿಡುವುದಕ್ಕಿಂತ ಹೀಗೆ ಗುನುಗಿದಾಗ ಮೂಗಿನಿಂದ ಸುಮಾರು 15 ಪಟ್ಟು ನೈಟ್ರಿಕ್ ಆಕ್ಸೈಡ್ ಬಂತು. ಹಾಗಂತ ಸೈನಸ್ ಕಾಯಿಲೆ ವಾಸಿಯಾಗುತ್ತದೆ ಅಂತ ಇದರಿಂದ ಸಾಬೀತಾಗೋದಿಲ್ಲ.

ನೆಗಡಿಯಿಂದ ಮೂಗು ಕಟ್ಟಿದ್ದರೆ ಒತ್ತಾಯ ಮಾಡಬೇಡಿ. ಹೃದಯದ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ ಇದ್ದವರು ವೈದ್ಯರನ್ನು ಕೇಳಿಯೇ ಶುರುಮಾಡಿ. ತಲೆ ಸುತ್ತಿದರೆ ಮಾಮೂಲಿ ಉಸಿರಿಗೆ ಬನ್ನಿ.

ಅಲ್ಲಮನ ಹೆಸರು ಅಲ್ಲಿದೆ

ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯದಲ್ಲಿ ಮಹಾಸಿದ್ಧರ ಪಟ್ಟಿ ಇದೆ. ಅದರಲ್ಲಿ ಮತ್ಸ್ಯೇಂದ್ರ, ಗೋರಕ್ಷರ ಜೊತೆ ನಮ್ಮ ಅಲ್ಲಮಪ್ರಭುವಿನ ಹೆಸರೂ ಇದೆ. ಆದರೆ ಶೂನ್ಯಸಂಪಾದನೆಯಲ್ಲಿ ಬರುವ ಕಥೆ ನೋಡ್ರಿ. ಗೋರಕ್ಷ ತನ್ನ ಮೈಯನ್ನು ವಜ್ರದಂತೆ ಮಾಡಿಕೊಂಡಿರುತ್ತಾನೆ; ಕತ್ತಿಯಿಂದ ಹೊಡೆದರೆ ಖಣಿಲ್ ಅನ್ನುತ್ತದೆ. ಅದೇ ಕತ್ತಿ ಅಲ್ಲಮನ ಮೈಯಲ್ಲಿ ಗಾಳಿಯಲ್ಲಿ ಬೀಸಿದ ಹಾಗೆ ಹಾದುಹೋಗುತ್ತದೆ. ದೇಹವನ್ನು ಗಟ್ಟಿ ಮಾಡಿದ್ದೇ ದೊಡ್ಡದಲ್ಲ ಅಂತ ಗೋರಕ್ಷನಿಗೆ ಆಗ ತಿಳಿಯುತ್ತದೆ.

ನಾಲಗೆ ಎಷ್ಟು ಉದ್ದವಾಯಿತು ಅಂತ ಅಳೆಯುವ ಸಾಧಕರು ಈ ಕಥೆಯನ್ನೂ ಒಮ್ಮೆ ಓದಬೇಕು. ನಾಳೆ ಬೆಳಗ್ಗೆ ಹತ್ತು ನಿಮಿಷ, ಬ್ಲೇಡಿಲ್ಲದೆ, ಆರು ಸುತ್ತು ನಾಡಿಶೋಧನ ಮಾಡಿ. ತಟ್ಟೆಯ ಮಚ್ಚೆಗಳ ಗ್ರಾಫನ್ನು ಸಂಘಕ್ಕೆ ಕಳಿಸಿರಿ. ಎಲ್ಲರದ್ದೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಹಾಕೋಣ.