ಮೂರೇ ದಿನದಲ್ಲಿ ಉರಿ ಇಳಿಸುವ ಮುಲಾಮು

ಪ್ರಶ್ನೆ: ನನ್ನ ಮಗಳು ದಿನಾ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾಳೆ. ಬಂಗು ಹೋಗಲೆಂದು ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮನ್ನು ಎರಡು ವರ್ಷ ಹಚ್ಚಿದಳು. ಈಗ ಎರಡು ದಿನ ಬಿಟ್ಟರೆ ಮುಖ ಕೆಂಡವಾಗುತ್ತದೆ. ಚೀನಾದ ಗಿಡಮೂಲಿಕೆ ಮುಲಾಮಿನಿಂದ ಮೂರೇ ದಿನದಲ್ಲಿ ಉರಿ ಇಳಿಯುತ್ತದಂತೆ, ಅವಳ ಜೊತೆ ಕೆಲಸ ಮಾಡುವವರು ತರಿಸಿಕೊಡುತ್ತೇನೆ ಅಂದಿದ್ದಾರೆ. ಹಚ್ಚಬಹುದಾ?
— ಓದುಗರೊಬ್ಬರು, ಮೈಸೂರು ಮೈನ್ಸ್, ಕೆಜಿಎಫ್

ಉತ್ತರ: ಹಚ್ಚುವುದು ಬೇಡ. ಚೀನಾದ್ದು ಅಂತಲ್ಲ, ಗಿಡಮೂಲಿಕೆ ಅಂತಲೂ ಅಲ್ಲ. ‘ಮೂರೇ ದಿನದಲ್ಲಿ’ ಅಂದರಲ್ಲ, ನನಗೆ ಭಯವಾಗುವುದು ಆ ಮಾತಿಗೆ. ಉರಿಯುವ ಮುಖವನ್ನು ಅಷ್ಟು ಬೇಗ ತಣ್ಣಗೆ ಮಾಡುವುದರಲ್ಲಿ ಸ್ಟಿರಾಯ್ಡಿನಷ್ಟು ಪಳಗಿದ ಔಷಧಿ ಇನ್ನೊಂದಿಲ್ಲ. ನಿಮ್ಮ ಮಗಳ ಹಳೇ ಕ್ರೀಮು ಮೊದಲ ವಾರ ಮಾಡಿದ್ದೂ ಅದನ್ನೇ.

ಇದು ಬರೀ ಊಹೆಯಲ್ಲ. ಲಂಡನ್ನಿನ ಚರ್ಮವೈದ್ಯರು ಚೀನೀ ಗಿಡಮೂಲಿಕೆಯದೆಂದು ರೋಗಿಗಳು ಹಚ್ಚುತ್ತಿದ್ದ 11 ಮುಲಾಮುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇತ್ತು. ನಾಲ್ಕು ವರ್ಷದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಮಕ್ಕಳ ಇಸುಬಿಗೆ ಹಚ್ಚುತ್ತಿದ್ದ 24 ‘ಮೂಲಿಕೆ’ ಮುಲಾಮುಗಳನ್ನು ನೋಡಿದಾಗ 20ರಲ್ಲಿ ಸ್ಟಿರಾಯ್ಡ್ ಸಿಕ್ಕಿತು, ಹೆಚ್ಚಿನವುಗಳಲ್ಲಿ ಪ್ರಬಲವಾದದ್ದೇ. ಸ್ಟಿರಾಯ್ಡಿಗೆ ಹೆದರಿ ಮೂಲಿಕೆಯ ಕಡೆ ಹೋದ ತಾಯಂದಿರು ತಿಳಿಯದೆಯೇ ಅದನ್ನು ಮಕ್ಕಳಿಗೆ ಬಳಿಯುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಿಮ್ಮ ಮಗಳ ಮುಖಕ್ಕೆ ಆಗಿರುವುದೇನು? 1952ರಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚರ್ಮದ ಮೇಲೆ ಹಚ್ಚುವ ಔಷಧಿಯಾಗಿ ಬಂದಾಗ ವೈದ್ಯರಿಗೆ ಅದೊಂದು ವರ. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಕೆಲವೇ ದಿನ ಹಚ್ಚಿದರೆ ಇಂದಿಗೂ ವರವೇ. ಮುಖದ ಚರ್ಮ ಮಾತ್ರ ಬೇರೆ ತರಹ. ಮುಂಗೈಯ ಚರ್ಮ ಹೀರಿಕೊಳ್ಳುವುದಕ್ಕಿಂತ ಹಣೆಯದು ಸುಮಾರು 6 ಪಟ್ಟು, ದವಡೆಯದು 13 ಪಟ್ಟು ಹೆಚ್ಚು ಹೀರುತ್ತದೆಂದು 1967ರಷ್ಟು ಹಿಂದೆಯೇ ಅಳೆದು ಬರೆದಿದ್ದಾರೆ. ಸ್ಟಿರಾಯ್ಡ್ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಆ ನಾಳಗಳೆಲ್ಲ ಒಟ್ಟಿಗೆ ಹಿಗ್ಗಿ ಕೆಂಪು, ಉರಿ, ಮೊಡವೆ. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು.

ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ಗುಡ್ಡಗಳ ಧೂಳಿನಿಂದ ಹೀಗಾಯಿತೋ ಎಂದು ನಿಮ್ಮ ಕಡೆಯವರಿಗೆ ಅನ್ನಿಸುವುದು ಸಹಜ. ಆದರೆ ಧೂಳು ಕತ್ತಿನ ಮೇಲೂ ಕೈ ಮೇಲೂ ಬೀಳುತ್ತದೆ. ಕ್ರೀಮು ಹಚ್ಚಿದ ಕಡೆ ಮಾತ್ರ, ಅದೂ ಬಿಟ್ಟಾಗ ಮಾತ್ರ ಉರಿ ಏಳುತ್ತಿದ್ದರೆ ಕಾರಣ ಆ ಟ್ಯೂಬಿನಲ್ಲಿದೆ. ಅದರ ಮೇಲಿನ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್, ಫ್ಲುಸಿನೊಲೋನ್, ಇವುಗಳಲ್ಲಿ ಒಂದಿದ್ದರೂ ಅದು ಸ್ಟಿರಾಯ್ಡ್.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಮುಖದ ತೊಂದರೆಗೆಂದು ದೇಶದ 12 ಚರ್ಮರೋಗ ಕೇಂದ್ರಗಳಿಗೆ ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರೆಂದು 2011ರ ವರದಿ ಹೇಳಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿಕೊಟ್ಟವರು ಡಾಕ್ಟರಲ್ಲ. ‘ಸ್ಟಿರಾಯ್ಡಿನಿಂದ ಹಾಳಾದ ಮುಖ’ ಎಂಬ ಅರ್ಥದ ಹೆಸರನ್ನು ಈ ಕಾಯಿಲೆಗೆ ಇಟ್ಟವರೂ ನಮ್ಮ ದೇಶದ ಚರ್ಮವೈದ್ಯರೇ. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಆಜ್ಞೆ ಹೊರಡಿಸಿತು. ಆದರೂ ಚೀಟಿ ಕೇಳದೆ ಟ್ಯೂಬು ದಾಟಿಸುವ ಅಂಗಡಿಗಳಿವೆ, ಅದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಇನ್ನು ನಿಜವಾದ ಚೀನೀ ವೈದ್ಯದ ಮಾತು. ಅಲ್ಲಿನ ವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು. ರಕ್ತದಲ್ಲಿ ಉಷ್ಣ ಮತ್ತು ವಿಷ ಸೇರಿದೆ, ಅದನ್ನು ತಂಪು ಮಾಡಬೇಕು ಎಂಬುದು ಅವರ ಲೆಕ್ಕ. ಅದಕ್ಕೆ ಹನಿಸಕಲ್ ಹೂವು, ಅತಿಮಧುರ, ಇನ್ನೂ ಕೆಲವು ಬೇರುಗಳ ಕಷಾಯ. ಮುಖಕ್ಕೆ ‘ಮಾ ಚಿ ಶಿಯೆನ್’ ಎಂಬ ಸೊಪ್ಪನ್ನು ಕುದಿಸಿ ಆರಿಸಿದ ನೀರಿನ ಒದ್ದೆಬಟ್ಟೆ. ಈ ಸೊಪ್ಪು ಯಾವುದು ಗೊತ್ತೇ? ನಮ್ಮ ಗೋಣಿ ಸೊಪ್ಪು, ನಿಮ್ಮ ಊರಿನ ತಮಿಳು ಮನೆಗಳ ಪರುಪ್ಪು ಕೀರೈ. ಬೇಳೆ ಹಾಕಿ ಸಾರು ಮಾಡಿ ಧಾರಾಳವಾಗಿ ತಿನ್ನಿ. ಉರಿಯುವ ಮುಖಕ್ಕೆ ಮಾತ್ರ ಕಾಯಿಸಿ ಆರಿಸಿದ ಬರೀ ನೀರಿನ ಬಟ್ಟೆಯೇ ಸಾಕು. ಗಾಯದಂತಿರುವ ಚರ್ಮದ ಮೇಲೆ ಹೊಸದೇನನ್ನೂ ಪ್ರಯೋಗಿಸುವುದು ಬೇಡ.

ಕಷಾಯ ಕುಡಿಯಬಹುದಲ್ಲ ಎಂದು ಕೇಳುತ್ತೀರಿ. 1992ರಲ್ಲಿ ಲಂಡನ್ನಿನ ಮಕ್ಕಳ ಆಸ್ಪತ್ರೆಯೊಂದು ಹತ್ತು ಮೂಲಿಕೆಗಳ ಚೀನೀ ಕಷಾಯದಿಂದ ಮಕ್ಕಳ ಇಸುಬು ಇಳಿದದ್ದನ್ನು ವರದಿ ಮಾಡಿ ಬಹಳ ಆಸೆ ಹುಟ್ಟಿಸಿತು. 2013ರಲ್ಲಿ ಇಸುಬಿನ ಮೇಲಿನ 28 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರಿಗೆ ನೆಚ್ಚಿಕೊಳ್ಳುವಂಥ ಆಧಾರ ಸಿಗಲಿಲ್ಲ. ಅತಿಮಧುರ ಹೆಚ್ಚಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇಸುಬಿಗೆಂದು ಚೀನೀ ಮೂಲಿಕೆ ಕುಡಿದ ಇಬ್ಬರು ಮಹಿಳೆಯರು ಇಂಗ್ಲೆಂಡಿನಲ್ಲಿ ಮೂತ್ರಪಿಂಡವನ್ನೇ ಕಳೆದುಕೊಂಡರು. ಅದರಲ್ಲಿದ್ದದ್ದು ನಮ್ಮ ಈಶ್ವರಿ ಬಳ್ಳಿಯ ಕುಲದ ಗಿಡದ ವಿಷ.

ಹಾಗಾದರೆ ಏನು ಮಾಡುವುದು? ಹಳೇ ಕ್ರೀಮನ್ನು ಒಮ್ಮೆಲೇ ಬಿಡಬೇಕೋ, ಸೌಮ್ಯವಾದದ್ದಕ್ಕೆ ಇಳಿಸಿ ಬಿಡಿಸಬೇಕೋ ಎಂಬುದನ್ನು ಚರ್ಮವೈದ್ಯರು ಮುಖ ನೋಡಿ ಹೇಳಬೇಕು. ಉರಿ ತಡೆಯಲು ಟ್ಯಾಕ್ರೊಲಿಮಸ್‌ನಂಥ ಸ್ಟಿರಾಯ್ಡ್ ಅಲ್ಲದ ಮುಲಾಮು, ಮೊಡವೆ ಎದ್ದಿದ್ದರೆ ಮಾತ್ರೆ ಕೊಡುತ್ತಾರೆ. ವಾಸನೆಯಿಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್, ಕೊಡೆ. ಮೊದಲ ವಾರಗಳು ಬಹಳ ಕಷ್ಟ. ಪೂರ್ತಿ ತಿಳಿಯಾಗಲು ತಿಂಗಳುಗಳೇ ಬೇಕಾಗಬಹುದು. ಆ ದಿನಗಳಲ್ಲಿ ಕನ್ನಡಿ ನೋಡಿ ಅಳುವ ಹುಡುಗಿಗೆ, ‘ಇದು ರೋಗ ಹೆಚ್ಚಿದ್ದಲ್ಲ, ಬಿಡುಗಡೆಯ ಉರಿ’ ಎಂದು ಪಕ್ಕದಲ್ಲಿ ಕೂತು ಹೇಳುವವರು ಬೇಕು. ನೀವಿದ್ದೀರಿ.

ಹತ್ತಿರದಲ್ಲಿ ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಮಗಳು ಹೇಗೂ ರೈಲಿನಲ್ಲಿ ಹೋಗುವವಳು. ಕಂಟೋನ್ಮೆಂಟಿನಲ್ಲಿ ಇಳಿದರೆ ಶಿವಾಜಿನಗರದ ಸರ್ಕಾರಿ ಬೌರಿಂಗ್ ಆಸ್ಪತ್ರೆ ದೂರವಿಲ್ಲ. ಹೋಗುವಾಗ ಹಳೇ ಟ್ಯೂಬುಗಳನ್ನೆಲ್ಲ ತೆಗೆದುಕೊಂಡು ಹೋಗಲಿ. ಚೀನೀ ಮುಲಾಮು ಆಗಲೇ ಬಂದುಬಿಟ್ಟಿದ್ದರೆ ಎಸೆಯಬೇಡಿ, ಅದನ್ನೂ ಅದೇ ಚೀಲಕ್ಕೆ ಹಾಕಿ ಡಾಕ್ಟರಿಗೆ ತೋರಿಸಿ.